ನಮ್ಮ ಇನ್‌ಸ್ಪೆಕ್ಟರ್ ಕಟ್ಟಿದ ಕಂಪ್ಯೂಟರು

ನಮ್ಮ ಮನೆಯಲ್ಲಿ ಯಾವ ವಸ್ತುವನ್ನು ಎಲ್ಲಿಂದ ತೆಗೆದರೋ ಅಲ್ಲೇ ಇಡಬೇಕು. ಕತ್ತರಿಯ ಜಾಗದಲ್ಲಿ ಕತ್ತರಿ, ಬೀಗದ ಕೈಯ ಜಾಗದಲ್ಲಿ ಬೀಗದ ಕೈ. ಕುರ್ಚಿಯಿಂದ ಎದ್ದವರು ಅದನ್ನು ಮೇಜಿನ ಕೆಳಗೆ ತಳ್ಳಿಯೇ ಮುಂದಕ್ಕೆ ಹೆಜ್ಜೆ ಇಡಬೇಕು. ಇದು ನನ್ನ ನಾದಿನಿಯ ಕಾನೂನು. ಅವಳಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ನನ್ನವರು ಕೆಲಸದಿಂದ ಬಂದು ಬ್ಯಾಗನ್ನು ನಡುಮನೆಯಲ್ಲೇ ಬಿಸಾಕಿದ್ದರು. ಅವಳು ಎಡವಿ ದಬಾರನೆ ಬಿದ್ದಳು. ನಾನು ಅಯ್ಯೋ ಪಾಪ ಎನ್ನುತ್ತ ಓಡಿಬಂದೆ. ಅವಳು ನೆಲದ ಮೇಲೆ ಕೂತುಕೊಂಡೇ, "ಪಾಪ ಎಲ್ಲ ಆಮೇಲೆ ಅತ್ತಿಗೆ. ಮೊದಲು ಆ ಬ್ಯಾಗು ಎತ್ತಿಡಿ" ಎಂದಳು.

ಅವತ್ತಿನಿಂದ ನಾನು ಅವಳಿಗೆ ಪಾಪ ಎಂದಿಲ್ಲ. ಬೇರೆಯವರು ಅಂದರೂ ನನಗೆ ಮೈಯೆಲ್ಲ ಉರಿಯುತ್ತದೆ. ಪಾಪವಂತೆ. ಅಡುಗೆಮನೆಗೆ ಬಂದು ಬೆರಳಲ್ಲಿ ಕಟ್ಟೆ ಸವರಿ, "ಎಣ್ಣೆ ಚೆಲ್ಲಿದೀರಿ, ಒರೆಸಿಲ್ಲ" ಎನ್ನುವವಳಿಗೆ ಪಾಪ ಎನ್ನಲು ಯಾರಿಗೆ ಮನಸ್ಸು ಬರುತ್ತದೆ? ಮನೆಮಂದಿಯೆಲ್ಲ ಅವಳಿಗೆ ಇಟ್ಟ ಹೆಸರು ಇನ್‌ಸ್ಪೆಕ್ಟರ್. ಅವಳಿಗೆ ಆ ಹೆಸರಿನ ಮೇಲೆ ಒಳಗೊಳಗೇ ಪ್ರೀತಿಯಿದೆ, ಕರೆದರೆ ಮಾತ್ರ ಮುಖ ಗಂಟು ಹಾಕಿಕೊಳ್ಳುತ್ತಾಳೆ.

ಅವಳು ಕೆಲಸ ಮಾಡುವುದು ಒಂದು ತರಬೇತಿ ಸಂಸ್ಥೆಯಲ್ಲಿ. ಮೇಲಿನ ಮಹಡಿಯಲ್ಲಿ ಕಣ್ಣು ಕಾಣದವರಿಗೆ ಟೈಪಿಂಗ್ ಕಲಿಸುತ್ತಾಳೆ. ಕಂಪ್ಯೂಟರು ಪರದೆಯ ಮೇಲಿರುವುದನ್ನು ಓದಿ ಹೇಳುತ್ತದೆ, ಇವರು ಕೇಳಿಸಿಕೊಂಡು ಕೀಲಿ ಒತ್ತುತ್ತಾರೆ. ಕೆಳಗಿನ ಮಹಡಿಯಲ್ಲಿ ಇನ್ನೊಂದು ತರಗತಿ ನಡೆಯುತ್ತದೆ. ಅಲ್ಲಿ ಬಿಡಿಭಾಗಗಳನ್ನು ಜೋಡಿಸಿ ಕಂಪ್ಯೂಟರು ಕಟ್ಟುವುದು, ಕೆಟ್ಟದ್ದನ್ನು ರಿಪೇರಿ ಮಾಡುವುದು ಕಲಿಸುತ್ತಾರೆ. ಆ ತರಗತಿಗೆ ಕಣ್ಣು ಕಾಣದವರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಇವಳು ದಿನಾ ಮೆಟ್ಟಿಲಿಳಿಯುವಾಗ ಆ ಬಾಗಿಲ ಹತ್ತಿರ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಚಿಕ್ಕಂದಿನಿಂದಲೂ ಮನೆಯ ರೇಡಿಯೋ, ಇಸ್ತ್ರಿಪೆಟ್ಟಿಗೆ, ಗಡಿಯಾರ ಯಾವುದನ್ನೂ ನೆಟ್ಟಗಿರಲು ಬಿಟ್ಟವಳಲ್ಲ. ಎಲ್ಲವನ್ನೂ ಬಿಚ್ಚಿ, ಮುಟ್ಟಿ, ಮತ್ತೆ ಮುಚ್ಚಿದವಳು. ಬಿಡಿಭಾಗಗಳ ಅಂಗಡಿಯವನು ಕೆಟ್ಟ ಬೋರ್ಡುಗಳನ್ನು ಇವಳಿಗಾಗಿ ಒಂದು ಡಬ್ಬದಲ್ಲಿ ಎತ್ತಿಡುತ್ತಿದ್ದ. ಭಾನುವಾರ ನಾವೆಲ್ಲ ನಿದ್ದೆ ಹೊಡೆಯುವಾಗ ಇವಳು ಅವುಗಳ ಮೇಲೆ ಬೆರಳಾಡಿಸುತ್ತ ಕೂತಿರುತ್ತಿದ್ದಳು.

ಒಂದು ದಿನ ಸೀದಾ ಸಂಸ್ಥೆಯ ಮುಖ್ಯಸ್ಥರ ಕೋಣೆಗೆ ಹೋಗಿ, "ಸರ್, ಕೆಳಗಿನ ಕ್ಲಾಸು ನಮ್ಮವರಿಗೂ ಬೇಕು. ನಾನು ಕಲಿಸ್ತೀನಿ" ಎಂದಳಂತೆ. ಅವರು ಕೆಟ್ಟ ಮನುಷ್ಯರೇನಲ್ಲ, ಆದರೆ ಎಚ್ಚರಿಕೆಯ ಮನುಷ್ಯರು. "ಆಯ್ತು. ಬೇರೆ ಯಾರ ಕೈಯೂ ತಗಲದ ಹಾಗೆ ನೀವೊಂದು ಕಂಪ್ಯೂಟರ್ ಕಟ್ಟಿ, ಆಪರೇಟಿಂಗ್ ಸಿಸ್ಟಂ ಹಾಕಿ, ಇಲ್ಲಿ ತಂದು ಎಲ್ಲರ ಮುಂದೆ ಓಡಿಸಿ. ಓಡಿದ್ರೆ ಮುಂದಿನ ಬ್ಯಾಚಿನಿಂದ ಕ್ಲಾಸು ತೆಗೀತೀನಿ. ಓಡಲಿಲ್ಲ ಅಂದ್ರೆ ಈ ಮಾತು ಮತ್ತೆ ಎತ್ತಬಾರದು" ಎಂದರು. ಇವಳು ಒಪ್ಪಿಕೊಂಡು ಬಂದಳು. ಮನೆಗೆ ಬಂದು ಹೇಳಿದಾಗ ಅವಳ ದನಿ ಎಷ್ಟು ಗಟ್ಟಿಯಾಗಿತ್ತೆಂದರೆ, ಆಗಲೇ ಕ್ಲಾಸು ತೆಗೆದಾಗಿದೆಯೇನೋ ಎಂದುಕೊಂಡೆ.

ಸರಿ, ಭಾಗಗಳು ಒಂದೊಂದಾಗಿ ಬಂದವು. ಹಾರ್ಡ್ ಡಿಸ್ಕ್ ಒಂದು ಮಾತ್ರ ಅಂಗಡಿಯವನ ಹಳೆಯ ಯಂತ್ರದಿಂದ ಬಿಚ್ಚಿ ತಂದದ್ದು, ಉಳಿದದ್ದೆಲ್ಲ ಹೊಸದು. ಊಟದ ಮೇಜು ಅವಳ ಕಾರ್ಖಾನೆಯಾಯಿತು, ನಾವು ನೆಲದ ಮೇಲೆ ಕೂತು ಉಂಡೆವು. ಸ್ಕ್ರೂಗಳನ್ನು ಬೆರಳ ಮಧ್ಯೆ ಒಮ್ಮೆ ಉರುಳಿಸಿ ನೋಡಿ ಬೇರೆ ಬೇರೆ ಲೋಟಕ್ಕೆ ಹಾಕುತ್ತಿದ್ದಳು. ಹದಿನೈದು ವರ್ಷದಿಂದ ಬಟ್ಟೆ ಹೊಲಿಯುವವಳು ನಾನು, ಬೆರಳಿನ ಕೆಲಸ ಅಂದರೇನೆಂದು ನನಗೆ ಗೊತ್ತು. ಆದರೂ ಅವಳು ಪ್ರೊಸೆಸರನ್ನು ಅದರ ಗೂಡಿಗೆ ಇಳಿಸಿದ್ದನ್ನು ನೋಡಿ ನಾನು ಸೂಜಿ ಕೆಳಗಿಟ್ಟೆ. ಅಂಚಿನಲ್ಲಿದ್ದ ಸಣ್ಣ ಕಚ್ಚನ್ನು ಉಗುರಿನಲ್ಲಿ ಹುಡುಕಿ, ತಿರುಗಿಸಿ, ಒತ್ತದೆಯೇ ಹಾಗೆ ಇಟ್ಟಳು. ಅದು ತಾನಾಗಿ ಕೂತಿತು. "ಒತ್ತಿದ್ರೆ ಕೆಟ್ಟಿತು. ಸರಿಯಾಗಿದ್ರೆ ತಾನೇ ಕೂರತ್ತೆ" ಎಂದಳು. ಅವಳಿಗೆ ಅದರಲ್ಲಿ ಎಷ್ಟು ಜಂಬವೋ, ನನಗೂ ಅಷ್ಟೇ ಜಂಬ.

ಅವಳು ನಮಗೆ ಹಾಕಿದ ಶರತ್ತು ಒಂದೇ. "ಯಾರಾದರೂ ಕಣ್ಣು ಬೇಕಾದ್ರೆ ಕೊಡಿ. ಕೈ ಬೇಡ. ಬುದ್ಧಿ ಅಂತೂ ಬೇಡವೇ ಬೇಡ."

ಕಣ್ಣು ಕೊಡುವ ಕೆಲಸ ಅತ್ತೆಯದು. ಅತ್ತೆ ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದವರು. ಮಗಳು ಹುಟ್ಟಿದಾಗಿನಿಂದ ಅವಳಿಗೆ ಓದಿ ಹೇಳುತ್ತ ಬಂದವರು. ಪಾಠದ ಪುಸ್ತಕ, ಬಸ್ಸಿನ ಬೋರ್ಡು, ಔಷಧದ ಬಾಟಲಿ, ಬೆಳಗಿನ ಪೇಪರು, ಎಲ್ಲ ಅವರ ಬಾಯಿಂದಲೇ ಆಗಬೇಕು. ಸ್ಪಷ್ಟವಾದ ಉಚ್ಚಾರ, ಒಂದಕ್ಷರ ನುಂಗುವುದಿಲ್ಲ. ಆದರೆ ಒಂದು ಅಭ್ಯಾಸವಿತ್ತು, ಅದು ಮನೆಗೆಲ್ಲ ಗೊತ್ತು. ಅತ್ತೆ ಪೇಪರು ಓದಿದರೆ ಜಗತ್ತಿನಲ್ಲಿ ಅಪಘಾತವೇ ಆಗುವುದಿಲ್ಲ, ಯಾರೂ ಸಾಯುವುದಿಲ್ಲ, ಕಳ್ಳರೆಲ್ಲ ಆವತ್ತೇ ಸಿಕ್ಕಿಬೀಳುತ್ತಾರೆ. ಬೇಡದ್ದನ್ನು ಬಿಟ್ಟು, ಗಟ್ಟಿಯಾದದ್ದನ್ನು ಮೆತ್ತಗೆ ಮಾಡಿ ಬಡಿಸುತ್ತಿದ್ದರು. ಹೋಗಲಿ ಬಿಡು ಎಂದು ಎಲ್ಲರೂ ಸುಮ್ಮನಿದ್ದೆವು. ಕಂಪ್ಯೂಟರಿಗೂ ಅವರು ಹೀಗೇ ಮಾಡುತ್ತಾರೆಂದು ಯಾರಿಗೆ ಹೊಳೆಯಬೇಕು?

ಸೋಮವಾರ ಸಂಸ್ಥೆಗೆ ಒಯ್ಯಬೇಕು. ಶನಿವಾರ ಸಂಜೆ ಯಂತ್ರ ಮೊದಲ ಸಲ ಉಸಿರಾಡಿತು. ಫ್ಯಾನು ತಿರುಗಿತು, ಒಳಗಿನಿಂದ ಕುಂಯ್ ಎಂದು ಒಂದೇ ಒಂದು ಸದ್ದು ಬಂತು. "ಒಂದೇ ಸಲ ಕೂಗಿತು ಅಂದ್ರೆ ಎಲ್ಲ ಸರಿ ಇದೆ ಅಂತ" ಎಂದು ಇನ್‌ಸ್ಪೆಕ್ಟರ್ ಎದ್ದು ನಿಂತು ನನ್ನ ಬೆನ್ನಿಗೆ ಗುದ್ದಿದಳು. ಹಾರ್ಡ್ ಡಿಸ್ಕಿನ ಮೇಲೆ ಅಂಗೈಯಿಟ್ಟು, "ಇದೂ ತಿರುಗ್ತಾ ಇದೆ" ಎಂದಳು. ಇನ್ನು ಉಳಿದದ್ದು ಆಪರೇಟಿಂಗ್ ಸಿಸ್ಟಂ ಹಾಕುವುದು. ಅದು ಪೆನ್‌ಡ್ರೈವಿನಲ್ಲಿತ್ತು. ಅದನ್ನು ಹಾರ್ಡ್ ಡಿಸ್ಕಿಗೆ ಇಳಿಸಿದರೆ ಯಂತ್ರಕ್ಕೆ ಮಾತು ಬರುತ್ತದೆ.

ಪೇಚಾಟ ಇದ್ದದ್ದೇ ಅಲ್ಲಿ. ಮಾತು ಬರುವುದು ಸಿಸ್ಟಂ ಕೂತ ಮೇಲೆ. ಅದು ಕೂರುವವರೆಗೆ ಯಂತ್ರ ಮೂಕ. ಇನ್‌ಸ್ಟಾಲ್ ಮಾಡುವಾಗಲೇ ಓದಿ ಹೇಳುವ ಸೌಲಭ್ಯ ಇದೆಯಂತೆ, ಆದರೆ ಈ ಹೊಸ ಬೋರ್ಡಿನ ಸ್ಪೀಕರಿಗೂ ಅದಕ್ಕೂ ಕೂಡಿಬರಲಿಲ್ಲ. ಹಾಗಾಗಿ ಅತ್ತೆ ಕನ್ನಡಕ ಏರಿಸಿಕೊಂಡು ಪರದೆಯ ಮುಂದೆ ಕೂತರು.

ಭಾನುವಾರ ಬೆಳಗಿನ ಕಥೆ ಇದು. ಭಾಷೆ ಆರಿಸುವುದು, ಒಪ್ಪಿಗೆ ಕೊಡುವುದು ಎಲ್ಲ ಸಲೀಸಾಗಿ ಆಯಿತು. ಯಾವ ಡಿಸ್ಕಿಗೆ ಹಾಕಬೇಕು ಎಂದು ಕೇಳುವ ಜಾಗಕ್ಕೆ ಬಂದ ಕೂಡಲೇ ನಿಂತುಹೋಯಿತು.

"ಏನು ಬಂತಮ್ಮ?"

"ಏನಿಲ್ಲ ಮಗಳೇ, ಸ್ವಲ್ಪ ತೊಂದರೆ ಇದೆಯಂತೆ. ಇನ್ನೊಂದು ಸಲ ಮಾಡು."

ಇನ್‌ಸ್ಪೆಕ್ಟರ್ ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದಳು. ಅದೇ ಜಾಗ. "ಡಿಸ್ಕು ಇನ್ನೂ ಸಿದ್ಧ ಆಗಿಲ್ಲ ಅಂತ ಕಾಣತ್ತೆ ಕಣೇ" ಎಂದರು ಅತ್ತೆ. ಸಿದ್ಧವಾಗಿಲ್ಲ ಎಂದರೆ ತಂತಿ ಸಡಿಲ ಇರಬೇಕೆಂದು ಇವಳು ಡಿಸ್ಕಿನ ತಂತಿ ಕಿತ್ತು ಮತ್ತೆ ಹಾಕಿದಳು. ಆಮೇಲೆ ತಂತಿಯನ್ನೇ ಬದಲಾಯಿಸಿದಳು. ಬೋರ್ಡಿನಲ್ಲಿ ಅದನ್ನು ಚುಚ್ಚುವ ಜಾಗ ಬದಲಾಯಿಸಿದಳು. ಡಿಸ್ಕನ್ನೇ ಹೊರಗೆ ತೆಗೆದು ಕಿವಿಗಿಟ್ಟುಕೊಂಡು ಕೇಳಿದಳು. ಪ್ರತಿ ಸಲವೂ ಅತ್ತೆಯದು ಒಂದೊಂದು ಸಮಾಧಾನ. ಒಂದು ಸಲ "ಇನ್ನೇನು ಆಗೋ ಹಾಗಿದೆ" ಎಂದುಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಇವಳ ಹಣೆಯಲ್ಲಿ ಬೆವರು. ಡಿಸ್ಕೇ ಕೆಟ್ಟಿದೆ ಎಂದು ತೀರ್ಮಾನಕ್ಕೆ ಬಂದಿದ್ದಳು, ಭಾನುವಾರ ಅಂಗಡಿ ಬಾಗಿಲು ಹಾಕಿತ್ತು.

ನನ್ನವರು ಬಸ್ಸು ಓಡಿಸುವವರು. ಪಾಳಿ ಮುಗಿಸಿ ಬಂದು ಊಟಕ್ಕೆ ಕೂತವರು ತಂಗಿಯ ಮುಖ ನೋಡಿದರು.

"ನೋಡು, ಆ ಅಂಗಡಿಯವನ ಮನೆ ನಂಗೆ ಗೊತ್ತು. ತಗೊಂಡು ಹೋಗಿ ಹಾಕಿಸ್ಕೊಂಡು ಬರ್ತೀನಿ. ಅರ್ಧ ಗಂಟೆ ಕೆಲಸ. ನಾಳೆ ನೀನು ಓಡಿಸು, ಯಾರಿಗೂ ಗೊತ್ತಾಗಲ್ಲ."

"ನಂಗೆ ಗೊತ್ತಾಗತ್ತಲ್ಲ ಅಣ್ಣಾ."

"ಅಯ್ಯೋ ಮಾರಾಯ್ತಿ, ಕಟ್ಟಿದ್ದೆಲ್ಲ ನೀನೇ ತಾನೆ?"

"ನಾಳೆ ನನ್ನ ಹುಡುಗರು ಕೇಳ್ತಾರೆ, ಈ ಜಾಗದಲ್ಲಿ ನಿಂತು ಹೋದ್ರೆ ಏನು ಮಾಡ್ಬೇಕು ಮಿಸ್ ಅಂತ. ಅಣ್ಣನ್ನ ಕರೀರಿ ಅಂತ ಹೇಳ್ಲಾ?"

ನನ್ನವರು ಅನ್ನ ಕಲಸಿದರು. ಎರಡು ತುತ್ತು ಉಂಡು, "ಸಂಜೆ ತನಕ ನೋಡು. ಆಗಲಿಲ್ಲ ಅಂದ್ರೆ ನಾಳೆ ಹೋಗೋದೇ ಬೇಡ, ಹುಷಾರಿಲ್ಲ ಅಂತ ಹೇಳು" ಎಂದರು. ಅವಳು ಮೇಜಿಗೆ ಹೋಗಿ ಯಂತ್ರವನ್ನು ಇನ್ನೊಮ್ಮೆ ಹಚ್ಚಿದಳು.

ನಾನು ಚಹಾ ಮಾಡಿಕೊಂಡು ಮೇಜಿನ ಹತ್ತಿರ ಹೋದೆ. ಲೋಟ ಇಡಲು ಜಾಗ ಹುಡುಕುತ್ತ ಪರದೆಯ ಕಡೆ ನೋಡಿದೆ. ಅಲ್ಲಿ ಉದ್ದಕ್ಕೆ ಏನೋ ಬರೆದಿತ್ತು. ಇಂಗ್ಲಿಷು ನನಗೆ ಅಷ್ಟಕ್ಕಷ್ಟೇ, ಆದರೆ ಮೂರು ನಾಲ್ಕು ಸಾಲು ಇರುವುದು ಕಾಣದಷ್ಟು ದಡ್ಡಿಯಲ್ಲ.

"ಏನಂತೆ ಅತ್ತೆ?"

"ಸ್ವಲ್ಪ ತೊಂದರೆ ಅಂತೆ ಕಣಮ್ಮ."

"ಸ್ವಲ್ಪಕ್ಕೆ ಇಷ್ಟುದ್ದ ಬರೆದಿದಾರಾ?"

ನನ್ನ ಬಾಯಿ ಸುಮ್ಮನಿರುವ ಬಾಯಲ್ಲ, ಅದು ಊರಿಗೇ ಗೊತ್ತು. ಆದರೆ ಆ ಮಾತು ಬಿದ್ದದ್ದೇ ತಡ, ಇನ್‌ಸ್ಪೆಕ್ಟರ್ ಕುರ್ಚಿಯಲ್ಲಿ ತಿರುಗಿದಳು. ಅವಳು ಅತ್ತೆಯ ಕಡೆ ಮುಖ ಮಾಡಿ ಬಹಳ ನಿಧಾನವಾಗಿ ಕೇಳಿದಳು.

"ಅಮ್ಮ, ಎಷ್ಟು ಸಾಲು ಇದೆ?"

ಅತ್ತೆ ಸೆರಗಿನಿಂದ ಕನ್ನಡಕ ಒರೆಸಿದರು. "ಮೂರು. ಕೆಳಗೆ ಸಣ್ಣಕ್ಷರದಲ್ಲಿ ಇನ್ನೂ ಸ್ವಲ್ಪ."

"ಬೆಳಿಗ್ಗೆಯಿಂದ ಇತ್ತಾ?"

"ಇತ್ತು."

"ಯಾಕೆ ಓದಲಿಲ್ಲ?"

ಅತ್ತೆ ಗಟ್ಟಿ ಹೆಂಗಸು. ಗಂಡ ಹೋದಾಗಲೂ ಜನರ ಮುಂದೆ ಕಣ್ಣೀರು ಹಾಕಿದವರಲ್ಲವಂತೆ. ಅವತ್ತು ಅವರ ದನಿ ನಡುಗಿತು. "ಮೊದಲನೇ ಸಾಲೇ ಆಗಲ್ಲ ಅಂತ ಇದೆ ಕಣೇ. ಹಾಕೋಕೆ ಸಾಧ್ಯವೇ ಇಲ್ಲ ಅಂತ. ನೀನು ಇಷ್ಟು ಕಷ್ಟಪಟ್ಟಿದೀಯ. ಅದನ್ನ ನನ್ನ ಬಾಯಿಂದ ಹೇಗೆ ಹೇಳಲಿ?"

ಇನ್‌ಸ್ಪೆಕ್ಟರ್ ರೇಗುತ್ತಾಳೆ ಎಂದುಕೊಂಡೆ. ಬೆಳಗಿನಿಂದ ಅವಳು ಕಿತ್ತು ಹಾಕಿದ ತಂತಿಗಳು ಮೇಜಿನ ತುಂಬ ಬಿದ್ದಿದ್ದವು. ನಾನಾಗಿದ್ದರೆ ಮನೆ ಹಾರಿಹೋಗುವ ಹಾಗೆ ಕೂಗಾಡುತ್ತಿದ್ದೆ. ಅವಳು ಕೂಗಲಿಲ್ಲ.

"ಸ್ಕೂಲಿಗೆ ಸೇರಿಸೋಕೆ ಹೋದಾಗ್ಲೂ ಹಿಂಗೇ ಮಾಡಿದ್ದೆ ನೀನು. ಗೇಟಿನ ಬೋರ್ಡು ನೋಡಿ, ಸೀಟು ಮುಗಿದಿದೆಯಂತೆ ಬಾ ಅಂದೆ."

"ಮುಗಿದಿತ್ತು."

"ಕಣ್ಣು ಕಾಣದ ಮಕ್ಕಳನ್ನ ಸೇರಿಸಿಕೊಳ್ಳಲ್ಲ ಅಂತ ಬರೆದಿತ್ತು ಅಮ್ಮ. ನಮ್ಮ ಹಿಂದೆ ನಿಂತಿದ್ದ ಹುಡುಗಿ ಅವಳಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದ್ಲು. ನಾನು ಕೇಳಿಸ್ಕೊಂಡೆ."

ಅತ್ತೆಯ ಕೈಯಲ್ಲಿದ್ದ ಕನ್ನಡಕ ಅಲ್ಲೇ ನಿಂತಿತು. "ಇಷ್ಟು ವರ್ಷ ಹೇಳಲಿಲ್ಲ ನೀನು."

"ನಿಂಗೆ ಬೇಜಾರಾಗತ್ತೆ ಅಂತ ಸುಮ್ಮನಿದ್ದೆ."

ತಾಯಿ ಮಗಳು ಇಬ್ಬರೂ ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಒಂದೇ ನೋವನ್ನು ಬಚ್ಚಿಟ್ಟುಕೊಂಡು ಬದುಕಿದ್ದರು. ನನ್ನವರು ಹೊರಗೆ ಹೋಗಿ ಸುಮ್ಮನೆ ಚಪ್ಪಲಿ ಜೋಡಿಸುತ್ತ ನಿಂತರು. ಅಲ್ಲಿದ್ದ ಚಪ್ಪಲಿಗಳೆಲ್ಲ ಮೊದಲೇ ಜೋಡಿಸಿಟ್ಟವೇ.

ಇನ್‌ಸ್ಪೆಕ್ಟರ್ ಕೈಚಾಚಿ ಅಮ್ಮನ ಮೊಣಕೈ ಹಿಡಿದಳು. "ಈಗ ಓದು. ಅರ್ಥ ಹೇಳಬೇಡ, ಸಮಾಧಾನ ಮಾಡಬೇಡ. ಅಲ್ಲಿ ಏನಿದೆಯೋ ಅದನ್ನ ಇದ್ದ ಹಾಗೇ ಓದು. ಎಷ್ಟು ಕೆಟ್ಟದಾಗಿದ್ರೂ ನಂಗೆ ಅದೇ ಬೇಕು."

ಅತ್ತೆ ಕನ್ನಡಕ ಹಾಕಿಕೊಂಡು, ತರಗತಿಯಲ್ಲಿ ನಿಂತವರ ಹಾಗೆ ಬೆನ್ನು ನೆಟ್ಟಗೆ ಮಾಡಿ, ಒಂದೊಂದೇ ಪದ ಓದಿದರು. ಮೊದಲನೆಯ ಸಾಲು, ಈ ಡಿಸ್ಕಿನಲ್ಲಿ ಹಾಕಲು ಸಾಧ್ಯವಿಲ್ಲ. ಅದನ್ನು ಓದುವಾಗ ಕಣ್ಣು ಮುಚ್ಚಿಕೊಂಡು ತೆರೆದರು. ಎರಡನೆಯದು ಬಂತು. "ದ ಸೆಲೆಕ್ಟೆಡ್ ಡಿಸ್ಕ್ ಹ್ಯಾಸ್ ಆನ್ ಎಂ.ಬಿ.ಆರ್. ಪಾರ್ಟಿಶನ್ ಟೇಬಲ್."

"ಏನಂದೆ? ಎಂ.ಬಿ.ಆರ್.?"

"ಎಂ. ಬಿ. ಆರ್." ಅತ್ತೆ ಅಕ್ಷರ ಬಿಡಿಸಿ ಹೇಳಿದರು.

ಇನ್‌ಸ್ಪೆಕ್ಟರ್ ನಕ್ಕಳು. ಸುಮ್ಮನೆ ನಗುವಲ್ಲ, ಮೇಜು ಗುದ್ದಿಕೊಂಡು ನಕ್ಕಳು. "ಇಷ್ಟೇನಾ? ಅಯ್ಯೋ ಅಮ್ಮ, ಇದಕ್ಕೆ ಬೆಳಿಗ್ಗೆಯಿಂದ ನನ್ನ ಪ್ರಾಣ ತಿಂದೆಯಲ್ಲೇ." ಆಮೇಲೆ ನನಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳಿದಳು. ಡಿಸ್ಕು ಕೆಟ್ಟಿಲ್ಲ. ಅದು ಹಳೆಯದಲ್ಲವೇ, ಅದರೊಳಗೆ ಜಾಗವನ್ನು ಹಳೇ ಪದ್ಧತಿಯಲ್ಲಿ ಹಂಚಿಟ್ಟಿದ್ದಾರೆ. ಹೊಸ ಬೋರ್ಡಿಗೆ ಹೊಸ ಪದ್ಧತಿಯ ಹಂಚಿಕೆ ಬೇಕು. ಬೀರುವಿನ ಹಳೇ ಅರೆಗಳನ್ನು ಕಿತ್ತುಹಾಕಿ ಹೊಸ ಅಳತೆಗೆ ಕೂರಿಸಿದ ಹಾಗೆ, ಡಿಸ್ಕಿನ ಹಳೇ ಹಂಚಿಕೆ ಅಳಿಸಿ ಹೊಸದು ಮಾಡಬೇಕು. ಅದರಲ್ಲಿ ಇಟ್ಟುಕೊಳ್ಳಬೇಕಾದ್ದು ಏನೂ ಇರಲಿಲ್ಲ, ಅಂಗಡಿಯವನು ಮೊದಲೇ ಹೇಳಿದ್ದ.

ಆದರೆ ಅಲ್ಲೂ ಒಂದು ಅಪಾಯವಿತ್ತು. ಯಂತ್ರದ ಕಣ್ಣಿಗೆ ಡಿಸ್ಕು ಎರಡು. ಒಂದು ಹಾರ್ಡ್ ಡಿಸ್ಕು, ಇನ್ನೊಂದು ಸಿಸ್ಟಂ ಇರುವ ಪೆನ್‌ಡ್ರೈವು. ತಪ್ಪಿ ಪೆನ್‌ಡ್ರೈವನ್ನು ಅಳಿಸಿದರೆ ನಾಳೆಯ ಕಥೆ ಇವತ್ತೇ ಮುಗಿದ ಹಾಗೆ. ಇವಳು ಕೀಲಿ ಒತ್ತಿ ಕಪ್ಪು ಪರದೆ ತೆರೆದಳು, ಒಂದೊಂದು ಆಜ್ಞೆ ಟೈಪ್ ಮಾಡಿದಳು. ಅತ್ತೆ ಓದಿದರು. ಸೊನ್ನೆಯನೇ ಡಿಸ್ಕು, ಅಳತೆ ಇಷ್ಟು. ಒಂದನೇ ಡಿಸ್ಕು, ಅಳತೆ ಇಷ್ಟು. ದೊಡ್ಡದು ಸೊನ್ನೆಯದು. ಇವಳು ಅದನ್ನು ಆರಿಸಿ, ಅಳಿಸು ಎಂದು ಬರೆದು, ಕೊನೆಯ ಕೀಲಿಯ ಮೇಲೆ ಬೆರಳಿಟ್ಟು ನಿಂತಳು.

"ಅಮ್ಮ, ಯಾವ ಡಿಸ್ಕು ಆರಿಸಿದೀನಿ ಅಂತ ಇದೆ?"

"ಡಿಸ್ಕ್ ಸೊನ್ನೆ."

"ಖಂಡಿತ?"

"ಸುಳ್ಳು ಹೇಳಲ್ಲ ಕಣೇ. ಇನ್ಮೇಲೆ ಹೇಳಲ್ಲ."

ಅವಳು ಒತ್ತಿದಳು. ಅತ್ತೆ ಓದಿದರು, ಡಿಸ್ಕು ಶುದ್ಧವಾಗಿದೆ ಎಂದಿತ್ತು. ಮುಂದಿನ ಆಜ್ಞೆಯಲ್ಲಿ ಇವಳು ಒಂದಕ್ಷರ ತಪ್ಪು ಹೊಡೆದಳು. ಅತ್ತೆ ಸ್ವಲ್ಪವೂ ಕರುಣೆಯಿಲ್ಲದೆ, ಯಂತ್ರ ಕೊಟ್ಟ ಬೈಗುಳವನ್ನೆಲ್ಲ ತಲೆಯಿಂದ ಬಾಲದವರೆಗೆ ಓದಿದರು. ಅದರಲ್ಲಿ ಅವರಿಗೊಂದು ರುಚಿಯೇ ಹತ್ತಿತು. ಇನ್‌ಸ್ಟಾಲ್ ಶುರುವಾದ ಮೇಲೆ ಹನ್ನೆರಡು ಪರ್ಸೆಂಟು, ಹದಿಮೂರು ಪರ್ಸೆಂಟು ಎಂದು ಒಂದೂ ಬಿಡದೆ ಹೇಳುತ್ತ ಹೋದರು. ಐವತ್ತರ ಹತ್ತಿರ ನನ್ನವರು ಕಿವಿ ಮುಚ್ಚಿಕೊಂಡು, "ಅಮ್ಮ, ಸಾಕು, ಬಸ್ಸಿನಲ್ಲಿ ಸ್ಟಾಪು ಕೂಗಿದ ಹಾಗಾಯ್ತು" ಎಂದರು. "ಇದ್ದದ್ದು ಇದ್ದ ಹಾಗೆ ಹೇಳು ಅಂದಿದಾಳೆ" ಎಂದು ಅತ್ತೆ ಐವತ್ತೊಂದು ಎಂದರು.

ಸಂಜೆ ಬೆಳಕಿರುವಾಗಲೇ ಯಂತ್ರಕ್ಕೆ ಮಾತು ಬಂತು. ಸ್ಪೀಕರಿನಿಂದ ಆ ದನಿ ಬಂದಾಗ ಇನ್‌ಸ್ಪೆಕ್ಟರ್ ಎರಡೂ ಕೈಯಿಂದ ಯಂತ್ರದ ಪೆಟ್ಟಿಗೆಯನ್ನು ತಬ್ಬಿಕೊಂಡಳು. ಅವಳು ನನ್ನ ನಾದಿನಿ ಎಂದು ಬೀದಿಗಿಳಿದು ಎಲ್ಲರಿಗೂ ಹೇಳಬೇಕು ಎನಿಸಿತು ನನಗೆ.

ಮಾರನೆಯ ದಿನ ಯಂತ್ರಕ್ಕೆ ಬೆಡ್‌ಶೀಟು ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆವು. ಅತ್ತೆ, ನಾನು, ಅವಳು. ಓಡಿಸಿದವರು ನನ್ನವರೇ, ತಂಗಿಗಾಗಿ ಆ ದಿನ ಆ ಪಾಳಿ ಬೇಡಿ ಹಾಕಿಸಿಕೊಂಡಿದ್ದರು. ಹಾಗಂತ ರಸ್ತೆಯ ಗುಂಡಿ ಮುಚ್ಚಿಕೊಳ್ಳುತ್ತದೆಯೇ? ಪ್ರತಿ ಗುಂಡಿಗೂ ನಾನು ಮನಸ್ಸಿನಲ್ಲೇ ಗಂಡನಿಗೆ ಬೈದೆ.

ಸಂಸ್ಥೆಯ ಹಾಲಿನಲ್ಲಿ ಮುಖ್ಯಸ್ಥರಿದ್ದರು, ಕೆಳಗಿನ ತರಗತಿಯ ಮೇಷ್ಟ್ರುಗಳಿದ್ದರು. ಗೋಡೆಯುದ್ದಕ್ಕೂ ಇವಳ ಟೈಪಿಂಗ್ ತರಗತಿಯವರೆಲ್ಲ ನಿಂತಿದ್ದರು. ಅವರು ಕಿವಿಯೆಲ್ಲ ಈ ಕಡೆಗೇ ಇಟ್ಟುಕೊಂಡಿದ್ದರು. ಇನ್‌ಸ್ಪೆಕ್ಟರ್ ತಂತಿಗಳನ್ನು ಜೋಡಿಸಿ ಗುಂಡಿ ಒತ್ತಿದಳು. ಫ್ಯಾನು ತಿರುಗಿತು, ಒಂದು ಸಲ ಕುಂಯ್ ಎಂದಿತು. ನಾವು ಕಾದೆವು. ದನಿ ಬರಲಿಲ್ಲ.

ಮೇಷ್ಟ್ರೊಬ್ಬರು ಇನ್ನೊಬ್ಬರ ಕಡೆ ನೋಡಿ ಹುಬ್ಬೇರಿಸಿದ್ದು ನನಗೆ ಕಂಡಿತು. ಅಲ್ಲೇ ಅವರ ಹುಬ್ಬಿಗೆ ನಾಲ್ಕು ಹೊಲಿಗೆ ಹಾಕಬೇಕೆನಿಸಿತು. ಮುಖ್ಯಸ್ಥರು ಕೈಗಡಿಯಾರ ನೋಡಿಕೊಂಡರು. ಇನ್‌ಸ್ಪೆಕ್ಟರ್ ಮುಖ ತಿರುಗಿಸದೆಯೇ ಕೇಳಿದಳು.

"ಅಮ್ಮ. ಏನು ಬಂತು?"

ನಾನು ಅತ್ತೆಯ ಮುಖ ನೋಡಿದೆ. ಅಲ್ಲಿದ್ದವರೆಲ್ಲ ಕೇಳುತ್ತಿದ್ದಾರೆ. ಬರುತ್ತಿದೆ ಮಗಳೇ, ಸ್ವಲ್ಪ ತಾಳು ಎನ್ನುವುದು ಎಷ್ಟು ಸುಲಭ. ಮೂವತ್ತು ವರ್ಷ ಅದನ್ನೇ ಅಂದವರು. ಅವರ ತುಟಿ ಒಮ್ಮೆ ಅಲ್ಲಾಡಿ ನಿಂತಿತು. ಆಮೇಲೆ ಕೊನೆಯ ಸಾಲಿನ ಮಗುವಿಗೂ ಕೇಳುವ ಟೀಚರ ದನಿಯಲ್ಲಿ ಓದಿದರು.

"ಕಪ್ಪು ಪರದೆ. ಬಿಳಿ ಅಕ್ಷರ. ನೋ ಬೂಟೆಬಲ್ ಡಿವೈಸ್. ಅಷ್ಟೇ ಇದೆ. ಕೆಳಗೆ ಏನೂ ಇಲ್ಲ."

ಕೆಟ್ಟ ಸುದ್ದಿ ಅಂದರೆ ಕೆಟ್ಟ ಸುದ್ದಿ. ಹಾಲಿನಲ್ಲಿ ಯಾರೋ ತ್ಚ್ ಎಂದರು. ಇನ್‌ಸ್ಪೆಕ್ಟರ್ ಮಾತ್ರ ತಲೆಯಾಡಿಸಿದಳು. "ಸರಿ. ಡಿಸ್ಕು ಸಿಗ್ತಾ ಇಲ್ಲ. ಬಸ್ಸಿನಲ್ಲಿ ತಂತಿ ಜಾರಿರಬೇಕು." ವಿದ್ಯುತ್ ಆರಿಸಿ, ಪೆಟ್ಟಿಗೆಯ ಪಕ್ಕದ ಹಲಗೆ ಜಾರಿಸಿ ತೆಗೆದು, ಒಳಗೆ ಕೈ ಬಿಟ್ಟಳು. ಅಷ್ಟು ತಂತಿಗಳ ನಡುವೆ ಅವಳ ಬೆರಳು ಎಲ್ಲೂ ತಡವರಿಸಲಿಲ್ಲ. ಒಂದು ಸಣ್ಣ ಟಕ್ ಸದ್ದು ಕೇಳಿತು. ಹಲಗೆ ಮುಚ್ಚಿ ಮತ್ತೆ ಗುಂಡಿ ಒತ್ತಿದಳು.

ಯಂತ್ರ ಮಾತಾಡಿತು. ಪರದೆಯ ಮೇಲೆ ಏನೇನಿದೆ ಎಂದು ಒಂದೊಂದಾಗಿ ಓದಿ ಹೇಳಿತು. ಗೋಡೆಯ ಪಕ್ಕದಲ್ಲಿ ನಿಂತಿದ್ದವರಲ್ಲಿ ಒಬ್ಬರು ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ ತಟ್ಟಿದರು. ಹುಬ್ಬೇರಿಸಿದ ಮೇಷ್ಟ್ರೂ ತಟ್ಟಿದರು, ಅದಕ್ಕೆ ಅವರನ್ನು ಕ್ಷಮಿಸಿದೆ.

ಮುಖ್ಯಸ್ಥರು ತಟ್ಟಲಿಲ್ಲ. ಅವರು ಹತ್ತಿರ ಬಂದು, "ಮೆಚ್ಚಿದೆ. ಆದ್ರೆ ಒಂದು ಪ್ರಶ್ನೆ ಇದೆ. ಈಗ ನಿಮ್ಮ ತಾಯಿ ಓದಿದ್ರು. ಯಂತ್ರ ಮೂಕವಾದಾಗ ಕ್ಲಾಸಿನಲ್ಲಿ ಯಾರು ಓದ್ತಾರೆ?" ಎಂದರು.

"ಪಕ್ಕದಲ್ಲಿ ಕೂತವರು ಓದ್ತಾರೆ ಸರ್. ಕಣ್ಣು ಕಾಣೋ ಒಬ್ರು, ಕಾಣದೇ ಇರೋ ಒಬ್ರು, ಒಂದೇ ಮೇಜಿನಲ್ಲಿ ಕೂರಲಿ. ಕೆಳಗಿನ ಕ್ಲಾಸೂ ನಮ್ಮ ಕ್ಲಾಸೂ ಬೇರೆ ಬೇರೆ ಯಾಕೆ? ಕಟ್ಟೋದು ಇಬ್ಬರೂ ಕಲೀತಾರೆ. ಇದ್ದದ್ದನ್ನ ಇದ್ದ ಹಾಗೆ ಓದೋದು ಮಾತ್ರ ಸ್ವಲ್ಪ ಕಷ್ಟ. ನಮ್ಮಮ್ಮನಿಗೇ ಮೂವತ್ತು ವರ್ಷ ಹಿಡೀತು."

ಅತ್ತೆ ಅವಳ ಬೆನ್ನಿಗೊಂದು ಗುದ್ದಿದರು. ಮುಖ್ಯಸ್ಥರು ಮೊದಲ ಸಲ ನಕ್ಕರು. "ಹಾಗಾದ್ರೆ ನಿಮ್ಮಮ್ಮನೂ ಬರಲಿ, ಮೊದಲ ವಾರ ಅದನ್ನ ಕಲಿಸಿಕೊಡಲಿ. ಮುಂದಿನ ಬ್ಯಾಚು ನಿಮ್ಮದು" ಎಂದರು. ನಾನು ಹಾಲಿನಿಂದ ಓಡಿ ರಸ್ತೆಗೆ ಬಂದೆ. ಬಸ್ಸು ಒಂದು ಸುತ್ತು ಮುಗಿಸಿ ಬರುವವರೆಗೂ ನಿಲ್ದಾಣದಲ್ಲಿ ಕಾದು, ನನ್ನವರಿಗೆ ಕಿಟಕಿಯ ಹೊರಗಿನಿಂದಲೇ ಸುದ್ದಿ ಹೇಳಿದೆ. ಅವರು ಹಾರನ್ನು ಹೊಡೆದ ರೀತಿಗೆ ಪ್ರಯಾಣಿಕರೆಲ್ಲ ಬೆಚ್ಚಿಬಿದ್ದರು.

ತರಗತಿ ಶುರುವಾದ ದಿನ ನಾನೂ ಹೋಗಿದ್ದೆ, ಮನೆಯಲ್ಲಿ ಕೂರಲು ನನ್ನಿಂದಾಗಲಿಲ್ಲ. ಕೋಣೆಯ ತುಂಬ ಮೇಜು, ಒಂದೊಂದು ಮೇಜಿಗೂ ಇಬ್ಬಿಬ್ಬರು. ನಮ್ಮ ಇನ್‌ಸ್ಪೆಕ್ಟರ್ ಮುಂದೆ ನಿಂತು ಪಾಠ ಹೇಳುತ್ತಿದ್ದಳು, ನಡುನಡುವೆ ಯಾರ ಮೇಜಿನ ಮೇಲೆ ಸ್ಕ್ರೂ ಚೆಲ್ಲಾಡಿದೆ ಎಂದು ಬೆರಳಾಡಿಸಿ ಬೈಯುತ್ತಿದ್ದಳು. ಅತ್ತೆ ಹಿಂದಿನ ಬೆಂಚಿನಲ್ಲಿ ಕನ್ನಡಕ ಏರಿಸಿಕೊಂಡು ಕೂತಿದ್ದರು. ಮಧ್ಯದ ಮೇಜಿನಲ್ಲಿ ಕಣ್ಣು ಕಾಣದ ಒಬ್ಬ ಗಂಡಸು, ಅವನ ಪಕ್ಕ ಓದಿ ಹೇಳಲು ಒಬ್ಬ ಹುಡುಗಿ. ಅವರ ಯಂತ್ರ ಎಲ್ಲೋ ತಡೆದು ನಿಂತಿತು. ಅವನು ಏನಾಯಿತು ಎಂದು ಕೇಳಿದ. ಹುಡುಗಿ ಒಳ್ಳೆಯವಳು, ಅವನ ಮುಖ ನೋಡಿ ಮರುಗಿದಳು.

"ಏನೋ ಸಣ್ಣ ಎರರ್ ಸರ್, ಪರವಾಗಿಲ್ಲ. ಇನ್ನೊಂದು ಸಲ ಮಾಡಿ."

ಹಿಂದಿನ ಬೆಂಚಿನಿಂದ ಅತ್ತೆ ಎದ್ದು ನಿಂತರು.

"ಪರವಾಗಿಲ್ಲ ಅಂತ ಬರೆದಿದೆಯೇನಮ್ಮ ಅಲ್ಲಿ? ಇಲ್ಲ ತಾನೆ? ಏನು ಬರೆದಿದೆಯೋ ಅದನ್ನ ಓದು. ಅವರು ತಡ್ಕೋತಾರೆ."